ಸೇತುವೆಗಿರುವ ಕಾವಲು ಕುದ್ರುವಿಗಿಲ್ಲ

ಪಹಣಿಯಲ್ಲಿ ಜಾಗ ಹಾಗೆಯೇ ಇದೆ, ಜಾಗವಿದ್ದಲ್ಲಿ ಈಗ ಹೊಳೆ ಹರಿಯುತ್ತಿದೆ. ನೇತ್ರಾವತಿಯ ನಡುವಿನ ನೆಲದಲ್ಲಿ ತಲೆಮಾರುಗಳಿಂದ ಬದುಕಿಕೊಂಡು ಬಂದವರ ಇಂದಿನ ಸಂಕಟವನ್ನು ಹೇಳಲು ಈ ಒಂದು ಮಾತು ಸಾಕು. ಅಂಚಿನ ತೆಂಗಿನ ಸಾಲು ನೀರಿಗೆ ಹೋಗಿದೆ, ಅದರ ಹಿಂದಿನ ಸಾಲು ವಾಲಿ ನಿಂತಿದೆ. ಕಂದಾಯ ದಾಖಲೆಯಲ್ಲಿ ಮಾತ್ರ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು ಒಂದಿಷ್ಟೂ ಕದಲಿಲ್ಲ.

ಮಂಗಳೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಪಡೀಲ್ ದಾಟಿ ಅಡ್ಯಾರ್ ಕಡೆಗೆ ಸಾಗುವಾಗ ಬಲಭಾಗದಲ್ಲಿ ನೇತ್ರಾವತಿ ಅಗಲವಾಗಿ ಹರಡಿಕೊಂಡಿರುತ್ತದೆ. ಆ ಹರವಿನ ನಡುವೆ ಇರುವ ಪಾವೂರು ಉಳಿಯ ಜನವಸತಿಯಿರುವ ಪುಟ್ಟ ನಡುಗಡ್ಡೆ. ಐವತ್ತರ ಆಸುಪಾಸಿನಷ್ಟು ಮನೆಗಳು, ಹೆಚ್ಚಿನವು ಕೊಂಕಣಿ ಮಾತನಾಡುವ ಕ್ರೈಸ್ತ ಕುಟುಂಬಗಳವು. ಆಡಳಿತದ ಲೆಕ್ಕದಲ್ಲಿ ಇದು ದಕ್ಷಿಣ ದಂಡೆಯ ಪಾವೂರು ಗ್ರಾಮ ಪಂಚಾಯತಿಗೆ, ಉಳ್ಳಾಲ ತಾಲೂಕಿಗೆ ಸೇರಿದ್ದರೂ ಅಂಗಡಿ, ಬಸ್ಸು, ಕೆಲಸ ಎಂದು ಇಲ್ಲಿನವರು ಹೊಳೆ ದಾಟುವುದು ಉತ್ತರದ ಅಡ್ಯಾರ್ ಕಡೆಗೆ. ಮಳೆಗಾಲದಲ್ಲಿ ದೋಣಿಯೇ ಗತಿ. ನೀರು ಇಳಿದ ಮೇಲೆ ಇಲ್ಲಿನವರು ತಾವೇ ಹಣ ಹೊಂದಿಸಿ, ತಾವೇ ದುಡಿದು ಒಂದು ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಳ್ಳುತ್ತಾರೆ. ಮಳೆ ಹಿಡಿಯುವ ಮೊದಲು ಅದನ್ನು ಬಿಚ್ಚಿಡುತ್ತಾರೆ. ಅಕ್ರಮ ಮರಳುಗಾರಿಕೆಯಿಂದ ತಮ್ಮ ನೆಲ ಕರಗುತ್ತಿದೆ ಎಂದು ಅವರು ವರ್ಷಗಳಿಂದ ದೂರು ಕೊಡುತ್ತಾ, ಪ್ರತಿಭಟಿಸುತ್ತಾ ಬಂದಿದ್ದಾರೆ. ಸುದ್ದಿಯಲ್ಲಿ ಇದು ಒಮ್ಮೆ ಸೇತುವೆಯ ಬೇಡಿಕೆಯಾಗಿ, ಇನ್ನೊಮ್ಮೆ ಮರಳು ದಂಧೆಯ ವಿಷಯವಾಗಿ ಬಂದುಹೋಗುತ್ತದೆ. ಇವೆರಡೂ ಒಂದೇ ಸಮಸ್ಯೆ ಎಂಬುದನ್ನು, ಮತ್ತು ಅದರಲ್ಲಿ ಹೊಯ್ಗೆಯ, ಅಂದರೆ ಮರಳಿನ, ಲೆಕ್ಕ ಸೇತುವೆಯ ಲೆಕ್ಕಕ್ಕಿಂತ ಮೊದಲು ಬರಬೇಕು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಕರಾವಳಿಯವರಿಗೆ ನೀರಿನ ನಡುವಿನ ನೆಲಕ್ಕೆ ಒಂದೇ ಹೆಸರಿಲ್ಲ. ಹೊಳೆಯ ನಡುವೆ ಎದ್ದು ನಿಂತದ್ದು ಕುದ್ರು. ನೀರಿನ ನಡುವೆಯೋ ದಂಡೆಗೆ ಒತ್ತಿಕೊಂಡೋ ಇರುವ ತಗ್ಗು ನೆಲ ಉಳಿಯ. ಸಮುದ್ರಕ್ಕೂ ಹೊಳೆಗೂ ನಡುವೆ ಉದ್ದಕ್ಕೆ ಬೆಳೆದ ಮರಳಿನ ಪಟ್ಟಿ ಬೆಂಗ್ರೆ. ಆ ಪಟ್ಟಿ ಮುಗಿಯುವ ತುದಿ ಕೋಡಿ, ಹೊಳೆ ಕಡಲು ಸೇರುವ ಬಾಯಿ ಅಳಿವೆ. ಈ ಹೆಸರುಗಳನ್ನು ಇಟ್ಟವರಿಗೆ ಪ್ರತಿಯೊಂದು ನೆಲವೂ ನೀರಿನೊಂದಿಗೆ ಬೇರೆ ಬೇರೆ ಬಗೆಯಲ್ಲಿ ನಡೆದುಕೊಳ್ಳುತ್ತದೆ ಎಂಬುದು ಗೊತ್ತಿತ್ತು. ಇಂದಿನ ಕಡತಗಳಲ್ಲಿ ಇವೆಲ್ಲವೂ ಜಮೀನು ಎಂಬ ಒಂದೇ ಪದದೊಳಗೆ ಸೇರಿಹೋಗಿವೆ.

ಕುದ್ರು ಹುಟ್ಟುವುದು ಹೇಗೆ ಎಂಬುದರಲ್ಲೇ ಅದು ಸಾಯುವುದು ಹೇಗೆ ಎಂಬುದೂ ಅಡಗಿದೆ. ಕುದುರೆಮುಖದ ಬೆಟ್ಟಸಾಲಿನಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ಬರುವ ನೇತ್ರಾವತಿಯ ಉದ್ದ ನೂರು ಕಿಲೋಮೀಟರಿನ ಆಸುಪಾಸು ಮಾತ್ರ. ಜಲಾನಯನ ಪ್ರದೇಶ ಮೂರು ಸಾವಿರ ಚದರ ಕಿಲೋಮೀಟರಿಗಿಂತ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವಾಗ, ಘಟ್ಟದ ಕಲ್ಲು ಸವೆದು ಆದ ಹೊಯ್ಗೆಯೆಲ್ಲ ಆ ನಾಲ್ಕು ತಿಂಗಳಲ್ಲೇ ಕೆಳಗೆ ಬರಬೇಕು. ಮಂಗಳೂರಿನ ಹತ್ತಿರ ಹೊಳೆಯ ಇಳಿಜಾರು ಮುಗಿಯುತ್ತದೆ, ಪಾತ್ರ ಅಗಲವಾಗುತ್ತದೆ, ಎದುರಿನಿಂದ ಕಡಲಿನ ಉಬ್ಬರ ಒತ್ತುತ್ತದೆ. ನಮ್ಮ ಕರಾವಳಿಯ ಉಬ್ಬರವಿಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸಿನದ್ದಾದರೂ ಓಟ ಕಳೆದುಕೊಂಡ ನೀರು ಹೊತ್ತು ತಂದ ಭಾರವನ್ನು ಇಳಿಸಲು ಅಷ್ಟು ಸಾಕು. ಮೊದಲು ಒಂದು ದಿಬ್ಬ ಏಳುತ್ತದೆ. ಅದರ ಮೇಲೆ ಹುಲ್ಲು ಹಿಡಿಯುತ್ತದೆ, ಅಂಚಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬೇರು ಬಿಡುತ್ತವೆ, ಬೇರಿನ ಸಂದಿನಲ್ಲಿ ನೆರೆಯ ಕೆಸರು ನಿಲ್ಲುತ್ತದೆ. ಕೊನೆಗೆ ಮನುಷ್ಯ ಬಂದು ತೆಂಗು ನೆಡುತ್ತಾನೆ.

ಒಂದು ಬೇಸಿಗೆಯಲ್ಲಿ ಇಳಿತದ ಹೊತ್ತಿಗೆ ನೇತ್ರಾವತಿಯ ಕುದ್ರುವೊಂದರ ಮೂಡಣ ತುದಿಯಲ್ಲಿ ನಿಂತು ಅದರ ಕೊರೆದ ಅಂಚನ್ನು ನೋಡಿದ್ದೆ. ಅದು ಈ ಇಡೀ ಚರಿತ್ರೆಯನ್ನು ಪದರ ಪದರವಾಗಿ ತೋರಿಸುತ್ತಿತ್ತು. ಮೇಲೆ ಒಂದು ಮೊಳದಷ್ಟು ಕಪ್ಪು ಮಣ್ಣು, ಅದರೊಳಗೆ ಮರುವಾಯಿ ಚಿಪ್ಪಿನ ಚೂರುಗಳು, ಒಡೆದ ಹಂಚು. ಅದರ ಕೆಳಗೆ ಕೆಂಪು ಛಾಯೆಯ ಜಿಗುಟು ಮಣ್ಣು. ಅದಕ್ಕೂ ಕೆಳಗೆ, ನೀರಿನ ಮಟ್ಟದಲ್ಲಿ, ಬೂದು ಬಣ್ಣದ ದಪ್ಪ ಹೊಯ್ಗೆ. ಮೇಲಿನ ಎರಡು ಪದರಗಳು ಗೋಡೆಯಂತೆ ನೆಟ್ಟಗಿದ್ದವು, ಕೆಳಗಿನ ಹೊಯ್ಗೆ ಒಳಕ್ಕೆ ಗುಹೆಯಂತೆ ಸರಿದಿತ್ತು. ಮೇಲೆ ನಿಂತ ತೆಂಗಿನ ಮರದ ಅರ್ಧದಷ್ಟು ಬೇರುಗಳು ಕೆಳಗೆ ಮಣ್ಣಿಲ್ಲದೆ ಗಾಳಿಯಲ್ಲಿ ಜೋತಾಡುತ್ತಿದ್ದವು. ದೋಣಿ ನಡೆಸಿ ತಂದ ಹಿರಿಯರು ಜಲ್ಲೆಯ ತುದಿಯಿಂದ ಆ ಪೊಳ್ಳನ್ನು ತೋರಿಸಿ, ನೆರೆಯ ನೀರು ಮೇಲಿನಿಂದ ಬಂದು ತಿನ್ನುವುದಲ್ಲ, ಹೊಳೆ ಅಡಿಯಿಂದಲೇ ತಿನ್ನುವುದು ಎಂದರು. ಎಂಜಿನಿಯರಿಂಗ್ ಪುಸ್ತಕಗಳು ಹೇಳುವುದೂ ಇದನ್ನೇ.

ಈ ಕುದ್ರುಗಳು ಯಾರೂ ಕೇಳದ ಮೂಲೆಗಳಾಗಿರಲಿಲ್ಲ ಎಂಬುದನ್ನು ಹೇಳಬೇಕು. ಕುಂದಾಪುರದ ಬಳಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಾ ನದಿಗಳು ಕೂಡುವ ಪಂಚಗಂಗಾವಳಿಯ ಹರವಿನಲ್ಲಿ ಉಪ್ಪಿನಕುದ್ರು ಇದೆ. ಹೆಸರಿನಲ್ಲೇ ಉಪ್ಪಿದೆ. ಅಲ್ಲಿನ ಕಾಮತ್ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವನ್ನು ಕೊಗ್ಗ ಕಾಮತರು ದೇಶದ ಹೊರಗೂ ಒಯ್ದು ಆಡಿಸಿದರು. ಸೂತ್ರದ ಗೊಂಬೆಗಳ ಅಷ್ಟು ಶ್ರೀಮಂತ ಕಲೆಯೊಂದು ಸುತ್ತಲೂ ನೀರಿರುವ ನೆಲದಲ್ಲಿ ಉಳಿದು ಬೆಳೆಯಿತು ಎಂದರೆ, ನೀರು ಆ ಕಾಲಕ್ಕೆ ತಡೆಯಾಗಿರದೆ ದಾರಿಯಾಗಿತ್ತು ಎಂದೇ ಅರ್ಥ. ಹಂಗಾರಕಟ್ಟೆಯ ಕಡೆಗೆ ಬಾಳ್ಕುದ್ರು, ಕುಂದಾಪುರದ ಹತ್ತಿರ ಹೇರಿಕುದ್ರು, ಸ್ವರ್ಣಾ ನದಿಯಲ್ಲಿ ಪಡುಕುದ್ರು, ಕೆಮ್ಮಣ್ಣಿನ ತಿಮ್ಮಣ್ಣ ಕುದ್ರು: ಹೀಗೆ ಉಡುಪಿ ಜಿಲ್ಲೆಯ ಅಳಿವೆಗಳ ಉದ್ದಕ್ಕೂ ಈ ಹೆಸರು ಸಿಗುತ್ತದೆ. ರಸ್ತೆಗಳು ಬರುವ ಮೊದಲು ಅಕ್ಕಿ, ತೆಂಗಿನಕಾಯಿ, ಹಂಚು, ಉಪ್ಪು ಎಲ್ಲವೂ ಸಾಗುತ್ತಿದ್ದುದು ಹೊಳೆಯಲ್ಲಿ. ಆಗ ಕುದ್ರು ಊರಿನ ಕೊನೆಯಾಗಿರಲಿಲ್ಲ, ದಾರಿಯ ಮೇಲಿನ ನಿಲ್ದಾಣವಾಗಿತ್ತು. ರಾಷ್ಟ್ರೀಯ ಹೆದ್ದಾರಿ ಬಂದು ಜನ ನೀರಿನ ಕಡೆಗೆ ಬೆನ್ನು ಹಾಕಿದ ಮೇಲೆ ಅದೇ ಕುದ್ರು ತಲುಪಲಾಗದ ಜಾಗವೆನಿಸಿತು.

ಇಲ್ಲಿನ ನೆಲದ ಒಡೆತನದ ಚರಿತ್ರೆಯನ್ನೂ ತಿಳಿದಿರಬೇಕು. 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, 1862ರಲ್ಲಿ ಅದು ಒಡೆದು ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು, 1956ರವರೆಗೂ ಹಾಗೆಯೇ ಇತ್ತು. ಆ ಕಾಲವಿಡೀ ಇಲ್ಲಿನ ಜಮೀನಿನ ವ್ಯವಹಾರವೆಂದರೆ ಮೂಲಗೇಣಿ ಎಂಬ ಶಾಶ್ವತ ಗೇಣಿ ಮತ್ತು ಚಾಲಗೇಣಿ ಎಂಬ ತಾತ್ಕಾಲಿಕ ಗೇಣಿ. ಧಣಿಗಳು, ದೇವಸ್ಥಾನಗಳು, ಮಠಗಳ ಹೆಸರಿನಲ್ಲಿದ್ದ ನೆಲವನ್ನು ಗೇಣಿದಾರರು ಉಳುತ್ತಿದ್ದರು. ಕುದ್ರುವಿನಂಥ ಜಾಗದಲ್ಲಿ ಗೇಣಿದಾರನ ದುಡಿಮೆಗೆ ಇನ್ನೊಂದು ಅರ್ಥವಿತ್ತು. ಅವನು ಬೆಳೆಯನ್ನಷ್ಟೇ ಬೆಳೆಯುತ್ತಿರಲಿಲ್ಲ. ಅಂಚಿಗೆ ಮಣ್ಣಿನ ಕಟ್ಟ ಹಾಕಿ, ಕೇದಗೆ ಜಾತಿಯ ಮುಂಡೇವು ನೆಟ್ಟು, ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಾದು, ನೆಲವನ್ನೇ ಉಳಿಸಿಕೊಳ್ಳುತ್ತಿದ್ದ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಅದೇ ವರ್ಷದ ಜುಲೈಯಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂತು. ಅದಕ್ಕೂ ಹಿಂದೆ, 1923ರಲ್ಲಿ, ಬಂಟ್ವಾಳ ಪಾಣೆಮಂಗಳೂರುಗಳನ್ನು ಮುಳುಗಿಸಿದ ಮಹಾನೆರೆಯನ್ನು ಈಗಲೂ ಹಿರಿಯರು ತುಳುವಿನಲ್ಲಿ ಮಾರಿಬೊಳ್ಳ ಎಂದೇ ನೆನೆಯುತ್ತಾರೆ.

ಈ ಎರಡು ನೆರೆಗಳನ್ನು ಇಲ್ಲಿ ನೆನಪಿಸಲು ಕಾರಣವಿದೆ. ಕುದ್ರು ಕರಗುತ್ತಿದೆ ಎಂದು ದೂರಿದಾಗ ಸಿಗುವ ಮೊದಲ ಉತ್ತರ, ಅದು ಪ್ರಕೃತಿಯ ಕೆಲಸ, ಹೊಳೆಯ ನಡುವೆ ಮನೆ ಕಟ್ಟಿದವರು ಅದನ್ನು ಅನುಭವಿಸಲೇಬೇಕು ಎಂಬುದು. ಹೊಳೆ ಕುದ್ರುವಿನ ತಲೆಯ ಕಡೆಯಿಂದ ಮಣ್ಣು ತೆಗೆದು ಬಾಲದ ಕಡೆಗೆ ಸೇರಿಸುವುದು ನಿಜ, ಕುದ್ರು ಎಂದೂ ನಿಂತಲ್ಲೇ ನಿಂತ ನೆಲವಲ್ಲ ಎಂಬುದೂ ನಿಜ. ಆದರೆ ಅಷ್ಟು ದೊಡ್ಡ ನೆರೆಗಳು ಬಂದುಹೋದ ಹೊಳೆಯಲ್ಲಿ ಈ ನೆಲಗಳು ಉಳಿದಿದ್ದವು. ಏಕೆಂದರೆ ನೆರೆ ಕೊಂಡುಹೋಗುವುದರ ಜೊತೆಗೆ ತರುತ್ತಲೂ ಇತ್ತು. ಒಂದು ತುದಿಯಲ್ಲಿ ಕಳೆದದ್ದು ಇನ್ನೊಂದು ತುದಿಯಲ್ಲಿ, ಒಂದು ವರ್ಷ ಹೋದದ್ದು ಮುಂದಿನ ವರ್ಷಗಳಲ್ಲಿ ಬಂದು ಸೇರುತ್ತಿತ್ತು. ಇಂದು ಮುರಿದಿರುವುದು ಈ ಜಮಾಖರ್ಚು. ಖರ್ಚು ಹೆಚ್ಚಿದೆ, ಜಮೆ ಇಳಿದಿದೆ.

ಖರ್ಚಿನ ಕಡೆಯನ್ನು ಮೊದಲು ನೋಡೋಣ. ಹೊಳೆಯ ತಳದಲ್ಲಿ ಒಂದು ಕಡೆ ಆಳವಾಗಿ ಹೊಯ್ಗೆ ತೆಗೆದರೆ ಅಲ್ಲೊಂದು ಗುಂಡಿಯಾಗುತ್ತದೆ. ಆ ಗುಂಡಿ ಅಲ್ಲಿಯೇ ಇರುವುದಿಲ್ಲ. ಮೇಲಿನಿಂದ ಬರುವ ನೀರು ಗುಂಡಿಯ ಅಂಚಿನಲ್ಲಿ ಧುಮುಕಿ, ಆ ಅಂಚನ್ನು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಹೋಗುತ್ತದೆ. ಹೀಗೆ ಗುಂಡಿ ಹೊಳೆಯ ಮೇಲ್ಮುಖವಾಗಿ ನಡೆಯುತ್ತದೆ. ಗುಂಡಿಯಲ್ಲಿ ತನ್ನ ಹೊಯ್ಗೆಯನ್ನೆಲ್ಲ ಇಳಿಸಿ ಹಗುರಾದ ನೀರು ಕೆಳಗೆ ಹೋದಾಗ ಅದಕ್ಕೆ ಮತ್ತೆ ಹೊಯ್ಗೆ ಬೇಕು, ಅದನ್ನು ದಂಡೆಯಿಂದ ಕಿತ್ತುಕೊಳ್ಳುತ್ತದೆ. ಗುಂಡಿಗೂ ದಂಡೆಗೂ ನಡುವಿನ ಇಳಿಜಾರು ಕಡಿದಾದಂತೆ ದಂಡೆಯ ಅಡಿಯ ಹೊಯ್ಗೆ ಗುಂಡಿಯ ಕಡೆಗೆ ಜಾರುತ್ತದೆ, ಮೇಲಿನ ಜಿಗುಟು ಮಣ್ಣು ಸ್ವಲ್ಪ ದಿನ ಚಾಚಿಕೊಂಡು ನಿಂತು ಒಂದು ದಿನ ಮರದ ಸಮೇತ ಕುಸಿಯುತ್ತದೆ. ಆ ಮೂಡಣ ತುದಿಯಲ್ಲಿ ನಾನು ಕಂಡ ಪೊಳ್ಳು ಅದೇ. ಆದ್ದರಿಂದ ಕುದ್ರುವಿನಿಂದ ಇನ್ನೂರು ಮೀಟರ್ ದೂರದಲ್ಲಿ ತೆಗೆದಿದ್ದೇವೆ, ಇವರ ಜಾಗವನ್ನು ಮುಟ್ಟಿಲ್ಲ ಎಂಬ ಸಮರ್ಥನೆಗೆ ಹೊಳೆಯ ಮಟ್ಟಿಗೆ ಅರ್ಥವೇ ಇಲ್ಲ.

ಇದು ಎಷ್ಟು ದೂರ ಹೋಗಬಲ್ಲುದು ಎಂಬ ಎಚ್ಚರಿಕೆ ನಮಗೆ 2018ರ ಜೂನ್ 25ರಂದೇ ಸಿಕ್ಕಿತ್ತು. ಅಂದು ಫಲ್ಗುಣಿ ನದಿಗೆ ಕಟ್ಟಿದ್ದ ಮೂಲರಪಟ್ಣ ಸೇತುವೆ ಕುಸಿದುಬಿತ್ತು. ಕಂಬಗಳ ಬುಡದ ಹೊಯ್ಗೆ ತೆಗೆದದ್ದೇ ಕಾರಣವೆಂಬ ಆರೋಪ ಬಲವಾಗಿ ಎದ್ದಿತು, ಜಿಲ್ಲೆಯ ಇತರ ಸೇತುವೆಗಳ ಬಗ್ಗೆಯೂ ಆತಂಕ ಹುಟ್ಟಿತು. ಕಲ್ಲು, ಕಾಂಕ್ರೀಟಿನ ಸೇತುವೆಯ ಬಗ್ಗೆ ಹುಟ್ಟಿದ ಆ ಆತಂಕ ಬರೀ ಹೊಯ್ಗೆಯ ಮೇಲೆ ನಿಂತ ಮನೆಗಳ ಬಗ್ಗೆ ಅಷ್ಟೇ ತೀವ್ರವಾಗಿ ಹುಟ್ಟದೇ ಹೋದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಕಾನೂನಿನಲ್ಲೂ ಇದೇ ಅಂತರ ಕಾಣುತ್ತದೆ. ಮರಳಿನಂಥ ಸಣ್ಣ ಖನಿಜಗಳ ಗುತ್ತಿಗೆ ಐದು ಹೆಕ್ಟೇರಿಗಿಂತ ಕಡಿಮೆಯಿದ್ದರೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು ಹೇಳಿತು. ಬಳಿಕ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಒಂದು, 2020ರಲ್ಲಿ ಇನ್ನೊಂದು ಮಾರ್ಗಸೂಚಿ ಹೊರಡಿಸಿತು. ಅವುಗಳ ಪ್ರಕಾರ ಮೂರು ಮೀಟರಿಗಿಂತ ಆಳಕ್ಕೆ ಮರಳು ತೆಗೆಯುವಂತಿಲ್ಲ. ದಂಡೆಯಿಂದ ನದಿಯ ಅಗಲದ ಕಾಲುಭಾಗದಷ್ಟು, ಕನಿಷ್ಠ 7.5 ಮೀಟರ್ ಜಾಗ ಬಿಡಬೇಕು. ಸೇತುವೆ, ನೀರೆತ್ತುವ ಸ್ಥಾವರದಂಥ ಸಾರ್ವಜನಿಕ ನಿರ್ಮಾಣಗಳಿದ್ದರೆ ಸೇತುವೆಯ ಉದ್ದದ ಐದು ಪಟ್ಟು ಮೇಲ್ಭಾಗದಲ್ಲಿ, ಹತ್ತು ಪಟ್ಟು ಕೆಳಭಾಗದಲ್ಲಿ, ಕನಿಷ್ಠವೆಂದರೂ 250 ಮೀಟರ್ ಮತ್ತು 500 ಮೀಟರ್ ಮರಳಿಗೆ ಕೈಹಚ್ಚಬಾರದು. ಸೇತುವೆಗೆ ಹೀಗೆ ಹೆಸರು ಹಿಡಿದು ಕಾವಲು ಸಿಕ್ಕಿದೆ. ಜನ ಬದುಕುವ ನಡುಗಡ್ಡೆಗೆ ಹೆಸರು ಹಿಡಿದು ಅಂಥ ಅಂತರವನ್ನು ಕೊಟ್ಟಿಲ್ಲ. ಕುದ್ರುವಿಗೂ ದಂಡೆಯಿದೆ, ಅದರ ನಾಲ್ಕು ಸುತ್ತಲೂ ದಂಡೆಯೇ ಇದೆ ಎಂದು ಓದಿಕೊಂಡರೆ ಕಾಲುಭಾಗದ ನಿಯಮ ಅದಕ್ಕೂ ಅನ್ವಯಿಸಬೇಕು. ಹಾಗೆ ಓದಿದರೆ ಕುದ್ರುವಿನ ಎರಡು ಕವಲುಗಳನ್ನೂ ಬೇರೆ ಬೇರೆ ನದಿಯೆಂದು ಅಳೆದು, ಪ್ರತಿ ಕವಲಿನ ಎರಡೂ ಬದಿ ಬಿಟ್ಟು, ನಡುವಿನ ಅರ್ಧಭಾಗದಲ್ಲಷ್ಟೇ ಮರಳು ತೆಗೆಯಬಹುದು. ಕಿರಿದಾದ ಕವಲಿನಲ್ಲಿ ಉಳಿಯುವುದು ಬಹಳ ಕಡಿಮೆ.

ಅಳಿವೆಯ ಹತ್ತಿರದಲ್ಲಂತೂ ನಿಯಮವೇ ಬೇರೆ. ಕರಾವಳಿ ನಿಯಂತ್ರಣ ವಲಯದೊಳಗೆ, ಅಂದರೆ ಸಿಆರ್‌ಝಡ್ ಒಳಗೆ, ಮರಳು ಗಣಿಗಾರಿಕೆಗೆ ಅವಕಾಶವಿಲ್ಲ. ಅವಕಾಶವಿರುವುದು ದೋಣಿ ಸಂಚಾರಕ್ಕೆ ಅಡ್ಡಿಯಾಗುವ ಮರಳು ದಿಬ್ಬಗಳ ತೆರವಿಗೆ. ಅದೂ ಕರಾವಳಿಯ ಸಾಂಪ್ರದಾಯಿಕ ಸಮುದಾಯದವರಿಗೆ, ಯಂತ್ರ ಬಳಸದೆ, ಕೈಯಿಂದ ಮಾತ್ರ. 2011ರಲ್ಲಿ ಈ ಅವಕಾಶ ಕೊಡುವಾಗ ಮನಸ್ಸಿನಲ್ಲಿದ್ದುದು ಮುಳುಗಿ ಬುಟ್ಟಿಯಲ್ಲಿ ಹೊಯ್ಗೆ ಎತ್ತುವ ಬಡ ಕಾರ್ಮಿಕರು. ಆ ಕೆಲಸವನ್ನು ಇಂದಿಗೂ ಮಾಡುವವರಿದ್ದಾರೆ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ದಿಬ್ಬ ಎಂಬ ಪದದ ಮೇಲೆ. ಕುದ್ರುವಿನ ಪಕ್ಕದಲ್ಲಿ ಏಳುವ ದಿಬ್ಬ ದೋಣಿಗೆ ಅಡ್ಡಿಯೆನಿಸಬಹುದು, ಆದರೆ ಕುದ್ರುವಿಗೆ ಅದು ಅಂಗಳದ ಪಾಗಾರ. ನೀರಿನ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಅದು. ಇಂದಿನ ದಿಬ್ಬವೇ ನಾಳೆ ಕುದ್ರುವಿಗೆ ಸೇರುವ ನೆಲ. ದಿಬ್ಬವನ್ನು ಗುರುತಿಸುವಾಗ ಹತ್ತಿರದಲ್ಲಿ ಜನವಸತಿಯ ಕುದ್ರು ಇದೆಯೇ ಎಂಬ ಪ್ರಶ್ನೆಯನ್ನು ಮೊದಲು ಕೇಳದಿದ್ದರೆ, ಉಳಿದ ಷರತ್ತುಗಳನ್ನೆಲ್ಲ ಪಾಲಿಸಿದರೂ ಕುದ್ರು ಹೋಗುತ್ತದೆ. ಮೇಲಾಗಿ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಘೋಷಿಸಿದ 111 ಜಲಮಾರ್ಗಗಳಲ್ಲಿ ನೇತ್ರಾವತಿಯೂ ಗುರುಪುರ ನದಿಯೂ, ಅಂದರೆ ಫಲ್ಗುಣಿಯೂ, ಸೇರಿವೆ. ಜಲಮಾರ್ಗವೆಂದರೆ ಹೂಳೆತ್ತುವಿಕೆ, ಹೂಳೆಂದರೆ ಇಲ್ಲಿ ಬಹುಪಾಲು ಹೊಯ್ಗೆ.

ಇನ್ನು ಜಮೆಯ ಕಡೆ. ಘಟ್ಟದಿಂದ ಬರುವ ಹೊಯ್ಗೆಯ ದಾರಿಯಲ್ಲಿ ಈಗ ಒಂದರ ಮೇಲೊಂದು ಕಟ್ಟೆಗಳಿವೆ. ಶಂಭೂರಿನಲ್ಲಿ ವಿದ್ಯುತ್ ಯೋಜನೆಯ ಅಣೆಕಟ್ಟಿದೆ, ಮಂಗಳೂರು ನಗರಕ್ಕೆ ನೀರು ಕೊಡುವ ಕಿಂಡಿ ಅಣೆಕಟ್ಟು ತುಂಬೆಯಲ್ಲಿದೆ, ಹರೇಕಳ ಅಡ್ಯಾರ್ ನಡುವೆ ಸೇತುವೆಯನ್ನೂ ಹೊತ್ತ ಹೊಸ ಕಿಂಡಿ ಅಣೆಕಟ್ಟು ಎದ್ದಿದೆ. ಕಿಂಡಿ ಅಣೆಕಟ್ಟಿನ ಬಾಗಿಲುಗಳು ಮಳೆಗಾಲದಲ್ಲಿ ತೆರೆದಿರುವುದರಿಂದ ದೊಡ್ಡ ಜಲಾಶಯದಷ್ಟು ಹೊಯ್ಗೆಯನ್ನು ಇವು ತಡೆಯುವುದಿಲ್ಲ. ಆದರೂ ಪ್ರತಿ ಕಟ್ಟೆಯೂ ತನ್ನ ಹಿಂದೆ ಸ್ವಲ್ಪ ಹಿಡಿದಿಡುತ್ತದೆ, ತನ್ನ ಮುಂದೆ ಸ್ವಲ್ಪ ಕೊರೆಯುತ್ತದೆ. ಕೇರಳದ ಕೊಲ್ಲಂ ಬಳಿ ಕಲ್ಲಡ ನದಿಯ ಬಾಯಿಯಲ್ಲಿರುವ ಮನ್ರೋ ತುರುತ್ತು ಎಂಬ ದ್ವೀಪಸಮೂಹದ ಮನೆಗಳಿಗೆ ಉಬ್ಬರದ ನೀರು ನುಗ್ಗತೊಡಗಿದಾಗ ತಜ್ಞರು ಬೊಟ್ಟು ಮಾಡಿದ ಕಾರಣಗಳಲ್ಲಿ ತೆನ್ಮಲದ ಅಣೆಕಟ್ಟು ನದಿಯ ಮೆಕ್ಕಲು ಮಣ್ಣನ್ನು ತಡೆದುದೂ ಒಂದು. ದ್ವೀಪ ಮುಳುಗುತ್ತಿರುವುದು ಒಂದೆಡೆ, ಅದರ ಮಣ್ಣು ಸಿಕ್ಕಿಬಿದ್ದಿರುವುದು ಹತ್ತಾರು ಕಿಲೋಮೀಟರ್ ಮೇಲೆ.

ಕಟ್ಟೆಗಳು ನೀರನ್ನೂ ಬದಲಿಸುತ್ತವೆ. ಕುದ್ರುವಿನ ಬಾವಿ ಸಾಮಾನ್ಯ ಬಾವಿಯಲ್ಲ. ಮಳೆಯ ಸಿಹಿನೀರು ಹೊಯ್ಗೆಯೊಳಗೆ ಇಳಿದು, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಅಡಿಯಷ್ಟು ಸಿಹಿನೀರಿನ ಆಸರೆಯಿರುತ್ತದೆ ಎಂಬುದು ಭೂಜಲಶಾಸ್ತ್ರದ ಸರಳ ಲೆಕ್ಕ. ಆ ಒಂದು ಅಡಿಯಲ್ಲಿ ಎರಡಂಗುಲ ಕಡಿಮೆಯಾದರೆ ಕೆಳಗಿನಿಂದ ಉಪ್ಪುನೀರು ಆರೇಳು ಅಡಿ ಮೇಲೇರುತ್ತದೆ. ಕುದ್ರುವಿನ ಅಗಲ ಕಡಿಮೆಯಾದಂತೆ ಈ ಸಿಹಿನೀರಿನ ಪದರ ತೆಳುವಾಗುತ್ತದೆ. ಹೊಳೆಯ ತಳ ಆಳವಾದಂತೆ ಕಡಲಿನ ನೀರು ಇನ್ನಷ್ಟು ಸುಲಭವಾಗಿ ಒಳಬರುತ್ತದೆ. ಬೇಸಿಗೆಯಲ್ಲಿ ಮೇಲೆ ಕಟ್ಟೆಯ ಬಾಗಿಲು ಮುಚ್ಚಿದಾಗ ಅದನ್ನು ಹಿಂದಕ್ಕೆ ನೂಕುವ ಸಿಹಿನೀರಿನ ಹರಿವೂ ಇರುವುದಿಲ್ಲ. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ನೀರಿನ ರೇಷನಿಂಗ್ ಮಾಡಬೇಕಾಗಿ ಬಂದುದನ್ನು ನೆನಪಿಸಿಕೊಂಡರೆ ನಗರಕ್ಕೆ ಈ ನೀರು ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ. ನಗರದ ನಲ್ಲಿಯಲ್ಲಿ ಬರುವ ಆ ನೀರು ಅಷ್ಟರಮಟ್ಟಿಗೆ ಕೆಳಗಿನ ಕುದ್ರುಗಳಿಗೆ ಬಾರದ ನೀರು ಎಂಬುದನ್ನೂ ಒಪ್ಪಿಕೊಳ್ಳಬೇಕು. ಕುಮಾರಧಾರೆಯ ಉಪನದಿಗಳಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಅದು ಮಳೆಗಾಲದ ನೀರನ್ನಷ್ಟೇ ಎತ್ತುವುದಾದರೂ, ಹೊಯ್ಗೆ ಸಾಗುವುದೂ ಅದೇ ಮಳೆಗಾಲದ ನೀರಿನಲ್ಲಿ.

ಹರೇಕಳದ ಕಿಂಡಿ ಅಣೆಕಟ್ಟಿನಿಂದ ಉಪ್ಪುನೀರು ಮೇಲೇರುವುದು ನಿಂತು ಹಲವು ಬಾವಿಗಳಿಗೆ ಒಳ್ಳೆಯದಾಗಬಹುದು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ನದಿಯಲ್ಲಿ ಸಿಆರ್‌ಝಡ್ ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವುದು ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗ ಎಲ್ಲಿಯವರೆಗೆ ಇರುತ್ತದೆ ಎಂಬ ಅಳತೆಯಿಂದ. ಕಟ್ಟೆ ಉಪ್ಪನ್ನು ತಡೆದರೆ, ಮುಂದೆ ನಕ್ಷೆ ಪರಿಷ್ಕರಿಸುವಾಗ ಆ ಗಡಿಯೂ ಕೆಳಕ್ಕೆ ಸರಿಯಬಹುದು. ಆಗ ಕಟ್ಟೆಯಿಂದ ಮೇಲಿನ ಹೊಳೆ ಕೈಯಿಂದ ದಿಬ್ಬ ತೆಗೆಯುವ ನಿಯಮದಿಂದ ಗಣಿ ಗುತ್ತಿಗೆಯ ನಿಯಮಕ್ಕೆ ಬರುತ್ತದೆ. ಇದನ್ನು ಪಂಚಾಯತಿಗಳು ಈಗಲೇ ಗಮನಿಸಬೇಕು.

ನೆಲ ಕಳೆದುಕೊಂಡವರಿಗೆ ಪರಿಹಾರ ಏನು? ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾನದಂಡದಲ್ಲಿ, ಭೂಕುಸಿತದಿಂದಲೋ ನದಿ ಪಾತ್ರ ಬದಲಿಸಿದ್ದರಿಂದಲೋ ಜಮೀನನ್ನೇ ಕಳೆದುಕೊಂಡ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ ನಿಗದಿಯಾಗಿದೆ. ಒಂದು ಹೆಕ್ಟೇರೆಂದರೆ 247 ಸೆಂಟ್ಸ್. ಅಂದರೆ ಸೆಂಟ್ಸಿಗೆ ಇನ್ನೂರು ರೂಪಾಯಿಯೂ ಇಲ್ಲ. ಹತ್ತು ಸೆಂಟ್ಸ್ ತೋಟ ಹೊಳೆಗೆ ಹೋದ ಮನೆಯವರಿಗೆ ಈ ದರದಲ್ಲಿ ಲೆಕ್ಕ ಹಾಕಿದರೆ ಎರಡು ಸಾವಿರವೂ ಆಗುವುದಿಲ್ಲ. ಕನಿಷ್ಠ 5,000 ರೂಪಾಯಿ ಎಂಬ ಮಿತಿಯಿರುವುದರಿಂದ ಅಷ್ಟು ಸಿಗಬಹುದು. ಅದೂ ಅಂಚಿನ ಕೊರೆತವನ್ನು ನದಿ ಪಾತ್ರ ಬದಲಾವಣೆಯೆಂದು ಅಧಿಕಾರಿ ಒಪ್ಪಿದರೆ. ಮರಳುಗಾರಿಕೆಯಿಂದ ಆದದ್ದು ಎಂದು ರೈತ ಅರ್ಜಿಯಲ್ಲಿ ಬರೆದರೆ ಅದು ವಿಪತ್ತೇ ಆಗುವುದಿಲ್ಲ, ಅಪರಾಧದ ವಿಚಾರವಾಗುತ್ತದೆ. ಪ್ರಕೃತಿ ವಿಕೋಪವೆಂದು ಬರೆದರೆ ಮರಳು ತೆಗೆದವರು ತಪ್ಪಿಸಿಕೊಳ್ಳುತ್ತಾರೆ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನದಿ ಮತ್ತು ಕಡಲ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ತೆಗೆದಿಡಲು ಹೇಳಿತ್ತು. ಕೊರೆತವೆಂದರೆ ಎಲ್ಲರ ಕಣ್ಣೆದುರು ಬರುವುದು ಅಸ್ಸಾಮಿನ ಬ್ರಹ್ಮಪುತ್ರದ ದೊಡ್ಡ ನಡುಗಡ್ಡೆ ಮಾಜುಲಿ. ಐವತ್ತು ಮನೆಗಳ ಕುದ್ರುವಿನ ಪ್ರಸ್ತಾವ ಅಲ್ಲಿಯವರೆಗೆ ತಲುಪಬೇಕಾದರೆ ಜಿಲ್ಲಾಡಳಿತವೇ ಮುತುವರ್ಜಿಯಿಂದ ಬರೆದು ಕಳುಹಿಸಬೇಕು.

ಈಗ ಸೇತುವೆಯ ಮಾತು. ಹೆರಿಗೆ ನೋವು ಬಂದಾಗ, ಹಾವು ಕಚ್ಚಿದಾಗ, ರಾತ್ರಿ ಎದೆನೋವು ಬಂದಾಗ ದೋಣಿಗಾಗಿ ಕಾಯಬೇಕಾದವರ ಮುಂದೆ ನಿಂತು ನಿಮಗೆ ಸೇತುವೆ ಬೇಡ ಎನ್ನುವ ಹಕ್ಕು ದಡದ ಮೇಲಿರುವ ಯಾರಿಗೂ ಇಲ್ಲ. ಗ್ಯಾಸ್ ಸಿಲಿಂಡರನ್ನು ದೋಣಿಯ ನಡುವಿನ ಅಡ್ಡಪಟ್ಟಿಗೆ ಒರಗಿಸಿ, ಶಾಲೆಯ ಚೀಲಗಳನ್ನು ಅದರ ಮೇಲಿಟ್ಟು ಹೊಳೆ ದಾಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರಶ್ನೆ ಇರುವುದು ಯಾವ ಸೇತುವೆ ಎಂಬುದರಲ್ಲಿ. ಎರಡೂ ಕಡೆಯಿಂದ ಮಣ್ಣು ತುಂಬಿ ರಸ್ತೆ ಎಬ್ಬಿಸಿ, ನಡುವೆ ಚಿಕ್ಕ ಕಿಂಡಿ ಬಿಡುವ ಸೇತುವೆ ಅಗ್ಗವಾಗುತ್ತದೆ. ಆದರೆ ಅದು ಒಂದು ಕವಲನ್ನು ಕತ್ತು ಹಿಸುಕಿ, ನೀರಿನ ಹೊಡೆತವನ್ನೆಲ್ಲ ಕುದ್ರುವಿನ ಇನ್ನೊಂದು ಬದಿಗೆ ತಿರುಗಿಸುತ್ತದೆ. ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಗೆ ಅಡ್ಡಲಾಗಿ ತಿಮ್ಮಣ್ಣ ಕುದ್ರುವಿಗೆ ಕಟ್ಟಿದ ತೂಗುಸೇತುವೆ ಬೇರೆ ಬಗೆಯದ್ದು. 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಆ ಕೆಲಸವನ್ನೇ ಬದುಕಾಗಿಸಿಕೊಂಡ, 2017ರಲ್ಲಿ ಪದ್ಮಶ್ರೀ ಪಡೆದ ಗಿರೀಶ್ ಭಾರದ್ವಾಜರ ಊರು ನಮ್ಮದೇ ಜಿಲ್ಲೆಯದು. ತೂಗುಸೇತುವೆಗೆ ಹೊಳೆಯ ನಡುವೆ ಕಂಬ ಬೇಡ, ಆದ್ದರಿಂದ ತಳದ ಕೊರೆತವೂ ಇಲ್ಲ. ಆದರೆ ಅದರ ಮೇಲೆ ಆಂಬುಲೆನ್ಸ್ ಹೋಗುವುದಿಲ್ಲ. ನೇತ್ರಾವತಿಯಷ್ಟು ಅಗಲದ ಹರವಿನಲ್ಲಿ ಕಂಬಗಳು ದೂರ ದೂರವಿರುವ, ಮಣ್ಣು ತುಂಬದ, ಒಂದು ವಾಹನ ಹೋಗುವಷ್ಟು ಅಗಲದ ಸೇತುವೆಯೇ ಸರಿಯೆಂದು ನನಗನಿಸುತ್ತದೆ. ಅಂಥ ಸೇತುವೆ ಬಂದರೆ ಮಾರ್ಗಸೂಚಿಯ 250 ಮೀಟರ್, 500 ಮೀಟರ್ ಕಾವಲೂ ತಾನಾಗಿ ಬರುತ್ತದೆ. ಮನುಷ್ಯರ ಮನೆಗೆ ಸಿಗದ ರಕ್ಷಣೆ ಸೇತುವೆಯ ನೆಪದಲ್ಲಾದರೂ ಸಿಗುತ್ತದೆ ಎಂಬುದು ದುಃಖದ ಮಾತು, ಆದರೂ ಅದನ್ನು ಬಳಸಿಕೊಳ್ಳಬೇಕು.

ಸೇತುವೆಯ ಜೊತೆಗೆ ಜಾಗದ ಬೆಲೆಯೂ ಏರುತ್ತದೆ, ಹೊರಗಿನವರ ರೆಸಾರ್ಟುಗಳೂ ಬರುತ್ತವೆ. 2019ರ ಸಿಆರ್‌ಝಡ್ ಅಧಿಸೂಚನೆ ಹಿನ್ನೀರಿನ ನಡುಗಡ್ಡೆಗಳಿಗೆ ಉಬ್ಬರದ ಗೆರೆಯಿಂದ 20 ಮೀಟರ್ ಅಂತರವನ್ನು ಏಕರೂಪವಾಗಿ ನಿಗದಿಪಡಿಸಿದೆ. 2011ರ ಅಧಿಸೂಚನೆ ಕೇರಳದ ಹಿನ್ನೀರಿನ ದ್ವೀಪಗಳಿಗೆ ಇಟ್ಟಿದ್ದುದು 50 ಮೀಟರ್. ಗೆರೆಯೇ ಒಳಕ್ಕೆ ಸರಿಯುತ್ತಿರುವ ಕುದ್ರುವಿನಲ್ಲಿ 20 ಮೀಟರ್ ಎಂಬುದು ಕೆಲವೇ ಮಳೆಗಾಲಗಳ ಮಾತು.

ಅಂಚಿಗೆ ಕಲ್ಲು ಹಾಕಿ ಎಂಬ ಬೇಡಿಕೆ ಎಲ್ಲ ಕಡೆಯೂ ಇದೆ. ತಳದ ಹೊಯ್ಗೆ ಜಾರುತ್ತಿರುವಾಗ ಮೇಲೆ ಪೇರಿಸಿದ ಕಲ್ಲು ಕೂಡ ಅದರೊಂದಿಗೆ ಜಾರುತ್ತದೆ. ಉಳ್ಳಾಲದ ಕಡಲಂಚಿನಲ್ಲಿ ವರ್ಷ ವರ್ಷ ಕಲ್ಲು ಸುರಿದದ್ದು ಎಲ್ಲಿ ಹೋಯಿತೆಂದು ಅಲ್ಲಿಯವರನ್ನೇ ಕೇಳಬಹುದು. ತಳವನ್ನು ನಿಲ್ಲಿಸಿದ ಮೇಲೆ ಕಲ್ಲು, ಕಾಂಡ್ಲಾ, ಮುಂಡೇವು ಮೂರೂ ಕೆಲಸ ಮಾಡುತ್ತವೆ. ಆದ್ದರಿಂದ ಮೊದಲು ಬೇಕಾದದ್ದು ಜನವಸತಿಯ ಪ್ರತಿ ಕುದ್ರುವಿನ ಸುತ್ತಲೂ, ಸೇತುವೆಗೆ ಇರುವಷ್ಟೇ ಅಂತರದ, ಮರಳು ಮುಟ್ಟದ ವಲಯವನ್ನು ಜಿಲ್ಲಾ ಮಟ್ಟದಲ್ಲಿ ಗುರುತಿಸುವುದು. 2020ರ ಮಾರ್ಗಸೂಚಿ ಕೇಳುವ ಮರುಪೂರಣ ಅಧ್ಯಯನ, ಅಂದರೆ ಮಳೆಗಾಲಕ್ಕೆ ಮೊದಲು ಮತ್ತು ನಂತರ ಹೊಳೆಯ ತಳವನ್ನು ಅಳೆದು ಎಷ್ಟು ಹೊಯ್ಗೆ ಬಂತೆಂದು ನೋಡುವ ಕೆಲಸ, ಕುದ್ರುಗಳ ಬಳಿಯಿಂದಲೇ ಶುರುವಾಗಬೇಕು.

ಅದಕ್ಕಾಗಿ ಕಾಯದೆ ಕುದ್ರುವಿನವರೇ ಮಾಡಬಹುದಾದ ಒಂದು ಕೆಲಸವಿದೆ. ಅಂಚಿನಿಂದ ಇಪ್ಪತ್ತು ಮೀಟರ್ ಒಳಗೆ, ನಾಲ್ಕೂ ಬದಿಯಲ್ಲಿ, ಒಂದೊಂದು ಕಲ್ಲುಕಂಬ ನೆಟ್ಟು ಸಂಖ್ಯೆ ಕೊಡುವುದು. ಕಂಬದಿಂದ ನೀರಿನ ಅಂಚಿಗೆ ಟೇಪು ಹಿಡಿದು ವರ್ಷಕ್ಕೆ ಎರಡು ಸಲ, ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಯ ಹೊತ್ತಿಗೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ, ಇಳಿತದ ಸಮಯದಲ್ಲಿ ಅಳೆದು, ಫೋಟೊ ತೆಗೆದು, ಪಂಚಾಯತಿಯ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವುದು. ಮೂರು ವರ್ಷದ ಇಂಥ ಅಳತೆ ಕೈಯಲ್ಲಿದ್ದರೆ, ಅರ್ಜಿಗೆ ಉತ್ತರವಾಗಿ ಪಹಣಿಯ ವಿಸ್ತೀರ್ಣ ತೋರಿಸುವ ಅಧಿಕಾರಿಯ ಮೇಜಿನ ಮೇಲೆ ಆ ನಡಾವಳಿಯ ಪ್ರತಿಯನ್ನು ಇಡಬಹುದು.